ಒಂದು ತಟ್ಟಿದರೆ ಹೌದು

ಆಗಸ್ಟ್ ೪, ಸೋಮವಾರ

ಬಾಯಿ ಮುಚ್ಚಿಕೊಂಡಿರಬೇಕೆಂದು ಡಾಕ್ಟರ್ ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಎರಡು ವಾರ ಮಾತಿಲ್ಲ, ಪಿಸುಮಾತೂ ಇಲ್ಲ, ಗಂಟಲು ಸರಿಮಾಡಿಕೊಳ್ಳಲು ಕೆಮ್ಮುವಂತೆಯೂ ಇಲ್ಲ. ಅತ್ತೆ ಆ ಚೀಟಿಯನ್ನು ಎರಡು ಸಲ ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ನಮ್ಮ ಮದುವೆಯ ಫೋಟೋಗೂ ಈ ಮನೆಯಲ್ಲಿ ಅಷ್ಟು ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

ಗಂಟಲೊಳಗಿನ ಗಂಟನ್ನು ತೆಗೆದಿದ್ದಾರೆ. ರೈಲ್ವೆ ಸ್ಟೇಷನ್ನಿನಲ್ಲಿ ಇಷ್ಟು ವರ್ಷ "ಪ್ರಯಾಣಿಕರ ಗಮನಕ್ಕೆ" ಎಂದು ಹೇಳಿದ್ದಕ್ಕೆ ಸಿಕ್ಕ ಬಹುಮಾನ ಅದು. ಗಾಡಿ ತಡ ಎಂದು ನಾನು ಹೇಳಿದರೆ ಜನ ಬೈಯದೆ ಕೇಳುತ್ತಾರೆ ಎಂದು ಸ್ಟೇಷನ್ ಮಾಸ್ಟರೇ ಒಮ್ಮೆ ಹೇಳಿದ್ದರು. ಈಗ ನನ್ನ ಜಾಗದಲ್ಲಿ ರೆಕಾರ್ಡ್ ಮಾಡಿದ ದನಿಯೊಂದು ಕೂತಿದೆ. ನನ್ನ ದನಿ ಮೊದಲಿನಂತೆ ಬರುತ್ತದೆಯೇ ಎಂದು ಸ್ಲೇಟಿನಲ್ಲಿ ಬರೆದು ಡಾಕ್ಟರನ್ನು ಕೇಳಿದೆ. "ನೋಡೋಣ" ಎಂದರು. ಆ "ನೋಡೋಣ" ಕೇಳಿ ನನಗೆ ನಿಜವಾಗಿ ಹೆದರಿಕೆಯಾಗಿದೆ.

ನನ್ನ ಗಂಡ ಹಡಗಿನ ಎಂಜಿನ್ ರೂಮಿನಲ್ಲಿದ್ದಾರೆ, ಬರುವುದು ವರ್ಷದ ಕೊನೆಗೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಇಷ್ಟು ದಿನ ಇಬ್ಬರಿಗೂ ಸಮಸಮ ಬಾಯಿತ್ತು. ಇನ್ನು ಅವರದೇ ರಾಜ್ಯ.

ಆಗಸ್ಟ್ ೬, ಬುಧವಾರ

ಸ್ಲೇಟು ನಡೆಯಲಿಲ್ಲ. ನಾನು ಬರೆದು ತೋರಿಸುತ್ತೇನೆ, ಅತ್ತೆ ಕನ್ನಡಕ ಹುಡುಕುತ್ತಾರೆ, ಸಿಗುವ ಹೊತ್ತಿಗೆ ಹಾಲು ಉಕ್ಕಿರುತ್ತದೆ.

"ನೋಡು, ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ," ಎಂದು ಅವರೇ ಕಾನೂನು ಮಾಡಿದರು. "ಮೂರು ತಟ್ಟಿದ್ರೆ?" ಎಂದು ಅವರೇ ಕೇಳಿಕೊಂಡರು. "ಮೂರು ತಟ್ಟಿದ್ರೆ ಜಗಳ. ಆಗ ಬೇಕಿದ್ರೆ ಕನ್ನಡಕ ಹಾಕ್ಕೋತೀನಿ."

ಇವತ್ತು ಮೂರು ತಟ್ಟುವ ಸಂದರ್ಭ ನಾಲ್ಕು ಸಲ ಬಂತು. ತಡೆದುಕೊಂಡೆ.

ಆಗಸ್ಟ್ ೯, ಶನಿವಾರ

ಮಾತಿಲ್ಲದವಳಿಗೆ ಕೈಗೆ ಕೆಲಸ ಬೇಕು. ಹಿಂದಿನ ಕೋಣೆಯ ಅಟ್ಟ ಗುಡಿಸಲು ಹತ್ತಿದೆ. ಹಳೆಯ ಟೀವಿಯ ಹಿಂದೆ ಒಂದು ತಗಡಿನ ಟ್ರಂಕು ಇತ್ತು. ಒಳಗೆ ಬೂದು ಬಣ್ಣದ ಪೆಟ್ಟಿಗೆಯಂಥ ಯಂತ್ರ, ಅದಕ್ಕೆ ಎರಡು ಕಂಟ್ರೋಲರ್, ಮತ್ತೆ ರಾಶಿ ಗೇಮ್ ಕ್ಯಾಸೆಟ್‌ಗಳು. ಎಲ್ಲದರ ಮೇಲೂ ಜಪಾನಿ ಬರಹ. ಇದೆಲ್ಲ ಗುಜರಿಗೆ ಹಾಕಲೇ ಎಂದು ಕೈಸನ್ನೆ ಮಾಡಿ ಕೇಳಿದೆ.

ಅತ್ತೆ ಟೇಬಲ್ಲಿನ ಮೇಲೆ ಎರಡು ಸಲ ತಟ್ಟಿದರು. ಅವರಿಗೆ ಬಾಯಿದೆ, ಆದರೂ ತಟ್ಟಿದರು.

ಅತ್ತೆ, ಮಾವ ಹಿಂದೆ ಸಿನಿಮಾ ಕ್ಯಾಸೆಟ್ ಮತ್ತು ಗೇಮ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರೆಂದು ನನಗೆ ಗೊತ್ತು. ಆ ಕಥೆ ಶುರುವಾದಾಗೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಇವತ್ತು ಹೋಗಲು ನೆಪ ಹೇಳಲಾಗಲಿಲ್ಲ, ಕೂತು ಕೇಳಬೇಕಾಯಿತು.

ಊರೆಲ್ಲ ಬೇರೊಂದು ಕಂಪನಿಯ ಯಂತ್ರದ ಹಿಂದೆ ಬಿದ್ದಿದ್ದ ಕಾಲದಲ್ಲಿ ಯಾರೋ ಹಡಗಿನವನು ಇದನ್ನು ಮಾವನಿಗೆ ಅಂಟಿಸಿ ಹೋದನಂತೆ. ಅಂಗಡಿ ಮುಚ್ಚಿದಾಗ ನಾಲ್ಕಾರು ಹೆಸರಾದ ಗೇಮ್‌ಗಳು ಮಾರಿಹೋದವು. ಟ್ರಂಕಿನಲ್ಲಿರುವುದು ಯಾರೂ ಮುಟ್ಟದೆ ಉಳಿದವು.

"ಕೆಟ್ಟವು ಅಂತ ಉಳಿದಿದ್ದಲ್ಲ," ಎಂದರು ಅತ್ತೆ. "ಯಾರೂ ಕೇಳ್ಲಿಲ್ಲ, ಅದಕ್ಕೆ ಉಳಿದ್ವು. ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನು ಒಬ್ಬೊಬ್ಬರನ್ನೇ ಮಾತಾಡಿಸ್ತಿದ್ದೆ."

ಕ್ಯಾಸೆಟ್‌ಗಳಿಗೆ "ಒಬ್ಬೊಬ್ಬರು" ಎಂದದ್ದು ನನಗೆ ನಗು ತರಿಸಿತು. ನಗುವುದನ್ನು ಡಾಕ್ಟರ್ ನಿಷೇಧಿಸಿದ್ದಾರೋ ಇಲ್ಲವೋ ಕೇಳಿಲ್ಲ.

ಆಗಸ್ಟ್ ೧೦, ಭಾನುವಾರ

ಯಂತ್ರ ಬದುಕಿದೆ. ಮೊದಲು ಪರದೆಯ ಮೇಲೆ ಬರೀ ಗೆರೆ ಬಂತು. ನಾನು ಕ್ಯಾಸೆಟ್ ತೆಗೆದು ಬಾಯಿಂದ ಊದಲು ಹೋದೆ, ಅತ್ತೆ ಕೈಮೇಲೆ ಒಂದು ಬಾರಿಸಿದರು. ಊದಿದರೆ ಎಂಜಲು ತಾಗಿ ತುಕ್ಕು ಹಿಡಿಯುತ್ತದಂತೆ. ಅವರು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕ್ಯಾಸೆಟ್ಟಿನ ಹಲ್ಲುಗಳನ್ನು ಒಂದೊಂದಾಗಿ ಒರೆಸಿದರು. ಕಡ್ಡಿ ಕಪ್ಪಾಯಿತು, ಚಿತ್ರ ಬಂತು.

ಮೊದಲ ಆಟ ಬಟ್ಟೆ ಒಣಹಾಕುವುದು. ಹೌದು, ಅಷ್ಟೇ. ತಾರಸಿಯ ಮೇಲೆ ಒಬ್ಬ ಮುದುಕಿ, ಹಗ್ಗ, ಬುಟ್ಟಿ, ದೂರದಲ್ಲಿ ಒಂದು ಮೋಡ. ಒಂದೊಂದು ಬಟ್ಟೆ ಒಂದೊಂದು ಹೊತ್ತಿಗೆ ಒಣಗುತ್ತದೆ. ಕಂಬಳಿ ಕೊನೆಗೆ. ಮಳೆಗೆ ಮುಂಚೆ ಯಾವುದನ್ನು ತೆಗೆಯಬೇಕು, ಯಾವುದನ್ನು ನೆನೆಯಲು ಬಿಡಬೇಕು ಎನ್ನುವುದೇ ಆಟ.

"ಇದನ್ನ ಬಾಡಿಗೆಗೆ ತಗೊಂಡವನು ಒಬ್ಬನೇ, ಕ್ಷೌರದ ಅಂಗಡಿಯವನು. ಒಂದೇ ಗಂಟೇಲಿ ವಾಪಸ್ ತಂದ. ಇದರಲ್ಲಿ ಯಾರೂ ಸಾಯೋದೇ ಇಲ್ಲ ಅಂದ."

ನಾನು ಸತ್ತೆ ಎನ್ನಬಹುದು. ಎರಡನೇ ಮೋಡಕ್ಕೇ ಬುಟ್ಟಿಯೆಲ್ಲ ಒದ್ದೆ. ಅತ್ತೆ ಏಳನೇ ಮೋಡದವರೆಗೆ ಹೋದರು. ನಮ್ಮ ನಿಜವಾದ ಬಟ್ಟೆಗಳು ಹೊರಗೆ ನೆನೆದಿದ್ದವು, ಇಬ್ಬರೂ ನೋಡಿರಲಿಲ್ಲ.

ಆಗಸ್ಟ್ ೧೩, ಬುಧವಾರ

ಟ್ರ್ಯಾಕ್ಟರ್ ರೇಸು. ಎಲ್ಲ ಟ್ರ್ಯಾಕ್ಟರ್‌ಗಳೂ ನಿಧಾನ. ಗೆದ್ದರೆ ಮಾಮೂಲಿ ತುತ್ತೂರಿ. ಕೊನೆಯವರಾಗಿ ಬಂದರೆ ಮಾತ್ರ ಒಂದು ಹಾಡು ಬರುತ್ತದೆ. ಎಂಥ ಹಾಡು! ಇಡೀ ಆಟದಲ್ಲಿ ಅದೇ ಚೆಂದದ್ದು. ಅದನ್ನು ಮಾಡಿದವರು ಅಷ್ಟು ಒಳ್ಳೆಯ ಹಾಡನ್ನು ತೆಗೆದುಕೊಂಡು ಹೋಗಿ ಸೋತವರಿಗೆ ಯಾಕೆ ಕೊಟ್ಟರೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಈಗ ನಾವಿಬ್ಬರೂ ಸೋಲಲು ಪೈಪೋಟಿ ಮಾಡುತ್ತೇವೆ. ಅದು ಗೆಲ್ಲುವುದಕ್ಕಿಂತ ಕಷ್ಟ.

ಇನ್ನೊಂದು ಸಂಗತಿ ನನ್ನ ಕಿವಿಗೆ ಬಿತ್ತು. ಈ ಯಂತ್ರ ಒಂದೇ ಸಲಕ್ಕೆ ಮೂರ್ನಾಲ್ಕು ದನಿಗಳನ್ನಷ್ಟೇ ಹೊರಡಿಸಬಲ್ಲದು. ಸಮುದ್ರದಂಚಿನ ದೀಪಸ್ತಂಭ ಕಾಯುವ ಇನ್ನೊಂದು ಆಟದಲ್ಲಿ ಅಲೆ ಬಂದು ಬಡಿದಾಗ ಹಾಡಿನ ಒಂದು ಎಳೆ ಮಾಯವಾಗುತ್ತದೆ, ಅಲೆ ಇಳಿದ ಮೇಲೆ ವಾಪಸ್ ಬರುತ್ತದೆ. ಒಂದು ಸುಮ್ಮನಾದರೆ ಇನ್ನೊಂದಕ್ಕೆ ಜಾಗ. ಅತ್ತೆಗೆ ಇದನ್ನು ವಿವರಿಸಲು ಸ್ಲೇಟು, ಕೈ, ಚಮಚ ಎಲ್ಲ ಬಳಸಿದೆ. ಅವರು ತಾವೇ ಕನ್ನಡಕ ತಂದರು.

ಅದೇ ಆಟದಲ್ಲಿ ಅತ್ತೆ ಒಲೆ ಆರಿಸಲು ಎದ್ದು ಹೋದಾಗ ಕಂಟ್ರೋಲರ್ ಸುಮ್ಮನೆ ಬಿದ್ದಿತ್ತು. ಯಾರೂ ಏನೂ ಒತ್ತದೆ ಇದ್ದಾಗ ಎಲ್ಲಿಂದಲೋ ಒಂದು ಹಕ್ಕಿ ಬಂದು ದೀಪಸ್ತಂಭದ ಕಂಬಿಯ ಮೇಲೆ ಕೂತಿತು. ಅತ್ತೆ ಬಂದು ನೋಡಿ ನಿಂತೇಬಿಟ್ಟರು. "ಇಷ್ಟು ವರ್ಷದಲ್ಲಿ ನಾನು ಇದನ್ನ ನೋಡೇ ಇಲ್ವಲ್ಲೇ," ಎಂದರು. ನಾನು ಕಂಡುಹಿಡಿದದ್ದು. ನಾನು ಏನೂ ಮಾಡದೆ.

ಆಗಸ್ಟ್ ೧೮, ಸೋಮವಾರ

ಡಾಕ್ಟರ್ ಕ್ಯಾಮೆರಾ ಹಾಕಿ ನೋಡಿದರು. ಗಾಯ ಮಾಗಿದೆ. ಇವತ್ತಿನಿಂದ ದಿನಕ್ಕೆ ಸ್ವಲ್ಪ ಹೊತ್ತು ಮಾತಾಡಬೇಕು, ದನಿಯ ಅಭ್ಯಾಸ ಮಾಡಿಸುವವರ ಹತ್ತಿರ ಹೋಗಬೇಕು. "ಹೇಳಿ, ಏನಾದ್ರೂ ಹೇಳಿ," ಎಂದರು. ತಲೆ ಅಲ್ಲಾಡಿಸಿ ಎದ್ದು ಬಂದೆ.

ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿ, ನಲ್ಲಿ ಬಿಟ್ಟು, "ಪ್ರಯಾಣಿಕರ ಗಮನಕ್ಕೆ" ಎಂದೆ.

ಅದು ನನ್ನ ದನಿಯಲ್ಲ. ದಪ್ಪ, ಒಡಕು. ಮೇಲಕ್ಕೆ ಏರಬೇಕಾದ ಕಡೆ ಏರುವುದೇ ಇಲ್ಲ. ಯಾರೋ ಗಂಡಸು ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ. ಇನ್ನೊಂದು ಸಲ ಹೇಳಿದೆ, ಇನ್ನೂ ಕೆಟ್ಟದಾಗಿತ್ತು. ನಲ್ಲಿ ನಿಲ್ಲಿಸಿ, ಮುಖ ತೊಳೆದು, ಹೊರಗೆ ಬಂದೆ.

"ಏನಂದ್ರು ಡಾಕ್ಟರು? ಮಾತಾಡಬಹುದಂತಾ?" ಎಂದು ಅತ್ತೆ ಕೇಳಿದರು.

ಎರಡು ತಟ್ಟಿದೆ. ಸ್ಲೇಟಿನಲ್ಲಿ "ಇನ್ನೂ ಎರಡು ವಾರ" ಎಂದು ಬರೆದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, "ಸರಿ ಬಿಡು," ಎಂದರು.

ಆಗಸ್ಟ್ ೧೯, ಮಂಗಳವಾರ

ಸ್ಟೇಷನ್ ಮಾಸ್ಟರಿಗೆ ಮೆಸೇಜು ಹಾಕಿದೆ. ಮೈಕಿನ ಕೆಲಸ ಇನ್ನು ಆಗುವುದಿಲ್ಲ, ಪಾರ್ಸಲ್ ವಿಭಾಗದಲ್ಲಿ ಜಾಗ ಕೊಡಿ ಎಂದು. ಈ ತಿಂಗಳ ಕೊನೆಯವರೆಗೆ ಯೋಚಿಸಿ, ಆಮೇಲೆ ರೆಕಾರ್ಡ್ ದನಿಯನ್ನೇ ಖಾಯಂ ಮಾಡುತ್ತೇವೆ ಎಂದು ಉತ್ತರ ಬಂತು. ಯೋಚಿಸುವುದೇನಿದೆ?

ಗೇಮ್ ಆಡಲಿಲ್ಲ.

ಆಗಸ್ಟ್ ೨೨, ಶುಕ್ರವಾರ

ಆಡಲಿಲ್ಲ. ಅತ್ತೆ ಒಬ್ಬರೇ ಬಟ್ಟೆ ಒಣಹಾಕುವುದು ಗೋಡೆಯಾಚೆ ಕೇಳಿಸಿತು. ಕಂಬಳಿ ನೆನೆಯಿತು.

ಆಗಸ್ಟ್ ೨೬, ಮಂಗಳವಾರ

ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಅಷ್ಟು ಜನರನ್ನ ನೋಡಿದೆ, ಮುಖ್ಯವಾದ ಒಬ್ಬನನ್ನ ಬಿಟ್ಟಿದ್ದೀಯ. ಛತ್ರಿಯವನು. ಬಾ, ಬರೀ ಹತ್ತು ನಿಮಿಷದ ಗೇಮು. ಕೊನೆ ಸ್ವಲ್ಪ ದುಃಖದ್ದು, ನಿನ್ನ ಮುಖಕ್ಕೆ ಸರಿಯಾಗಿದೆ."

ಮೂರು ತಟ್ಟಿದೆ. ಆದರೂ ಹೋದೆ.

ಛತ್ರಿ ಹಿಡಿದ ಒಬ್ಬ ಸಣ್ಣ ಮನುಷ್ಯ ಗದ್ದೆಯ ಬದುಗಳ ಮೇಲೆ ನಡೆಯುತ್ತಾನೆ. ಗಾಳಿ ಬಂದರೆ ಛತ್ರಿಯನ್ನು ಆ ಕಡೆ ಬಾಗಿಸಬೇಕು. ದಾರಿಯಲ್ಲಿ ಬಸವನಹುಳು ಸಿಕ್ಕರೆ ತುಳಿಯದೆ ದಾಟಬೇಕು. ಬಣ್ಣಗಳು ನಾಲ್ಕೇ, ಆದರೆ ಸಂಜೆಯಾಗುತ್ತಿರುವುದು ಗೊತ್ತಾಗುತ್ತದೆ, ಹೇಗೆ ಮಾಡಿದರೋ. ಕೊನೆಗೆ ಒಂದು ಹೊಳೆ. ದೋಣಿಯವನು ಏನೋ ಕೇಳುತ್ತಾನೆ. ಕೆಳಗೆ ಎರಡು ಪದಗಳು ಬರುತ್ತವೆ, ಒಂದು ಚಿಕ್ಕದು, ಒಂದು ದೊಡ್ಡದು. ಅತ್ತೆ ದೊಡ್ಡದನ್ನು ಒತ್ತಿದರು. ದೋಣಿಯವನು ತಲೆ ಬಾಗಿಸಿ, ದೋಣಿ ತಿರುಗಿಸಿಕೊಂಡು ಹೋದ. ಛತ್ರಿಯವನು ದಡದಲ್ಲಿ ಕೂತ. ಕತ್ತಲಾಯಿತು. ಆಟ ಮತ್ತೆ ಮೊದಲಿಗೆ ಬಂತು.

"ಮುಗೀತು," ಎಂದರು ಅತ್ತೆ. "ಯಾರು ಬಂದ್ರೂ ಹೇಳಿಬಿಡ್ತಿದ್ದೆ, ಚೆನ್ನಾಗಿದೆ ಆದ್ರೆ ಚಿಕ್ಕದು, ದೋಣಿ ಸಿಗಲ್ಲ ಅಂತ. ಒಬ್ರೂ ತಗೊಳ್ಲಿಲ್ಲ."

ರಾತ್ರಿಯಿಡೀ ಅಲ್ಲದಿದ್ದರೂ ಊಟದವರೆಗೆ ಅದೇ ತಲೆಯಲ್ಲಿತ್ತು. ಕೇಳಿದ ಮೇಲೆ ದೋಣಿಯವನು ಯಾಕೆ ಹೋದ?

ಆಗಸ್ಟ್ ೨೭, ಬುಧವಾರ

ಬೆಳಿಗ್ಗೆ ತಿಂಡಿಗೂ ಮುಂಚೆ ನಾನೇ ಯಂತ್ರ ಹಾಕಿದೆ. ಹೊಳೆಯವರೆಗೆ ಬಂದು ಆ ಎರಡು ಪದಗಳನ್ನು ದಿಟ್ಟಿಸುತ್ತಾ ಕೂತೆ. ಎರಡರಲ್ಲೂ ಒಂದು ಅಕ್ಷರ ಇದೆ, ಅಕ್ಕಪಕ್ಕ ನಿಂತ ಎರಡು ಪುಟ್ಟ ಗೀಟು. ಚಿಕ್ಕ ಪದದಲ್ಲಿ ಅದು ಒಂದೇ ಸಲ ಬರುತ್ತದೆ. ದೊಡ್ಡ ಪದದಲ್ಲಿ ಒಂದರ ಪಕ್ಕ ಒಂದು, ಎರಡು ಸಲ.

ಒಂದು. ಎರಡು.

ಇದು ಶುದ್ಧ ಹುಚ್ಚು ಎಂದು ಗೊತ್ತಿತ್ತು. ಜಪಾನಿನವರು ನಮ್ಮ ಊಟದ ಟೇಬಲ್ಲಿನ ಕಾನೂನು ನೋಡಿ ಅಕ್ಷರ ಮಾಡಿಲ್ಲ. ಆದರೂ ಅತ್ತೆಯನ್ನು ಎಳೆದುಕೊಂಡು ಬಂದೆ. ಚಿಕ್ಕ ಪದದ ಮೇಲೆ ಬೆರಳಿಟ್ಟು ಟೇಬಲ್ಲಿಗೆ ಒಂದು ತಟ್ಟಿದೆ. ದೊಡ್ಡದರ ಮೇಲೆ ಬೆರಳಿಟ್ಟು ಎರಡು ತಟ್ಟಿದೆ.

"ಇಲ್ಲಮ್ಮ, ಚಿಕ್ಕದು ಬೇಡ ಅಂತ," ಎಂದರು. "ಅಂಗಡೀಲಿ ಕೂತವಳು ನಾನು. ಬೇಡ ಅನ್ನೋರು ಒಂದೇ ಮಾತಲ್ಲಿ ಹೇಳಿ ಹೋಗ್ತಾರೆ. ಬೇಕು ಅನ್ನೋರೇ ಉದ್ದ ಮಾತಾಡೋದು. ಅದಕ್ಕೇ ನಾನು ಯಾವತ್ತೂ ಉದ್ದದ್ದನ್ನೇ ಒತ್ತೋದು. ದೋಣಿಯವನ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಕ್ಕಾಗುತ್ತಾ?"

ಫೋನಿನಲ್ಲಿ ಫೋಟೋ ತೆಗೆದು ಅರ್ಥ ನೋಡೋಣ ಎಂದು ಸನ್ನೆ ಮಾಡಿದೆ. ಅದಕ್ಕೂ ಒಪ್ಪಲಿಲ್ಲ. "ಅಂಗಡಿ ಇದ್ದಾಗ ಇದ್ದ ಅಜ್ಞಾನವೇ ನನಗೆ ಸಾಕು."

ಅವರು ಕಾಫಿ ತರಲು ಹೋದರು. ನಾನು ಚಿಕ್ಕದನ್ನು ಒತ್ತಿದೆ.

ದೋಣಿಯವನು ದೋಣಿಯನ್ನು ದಡಕ್ಕೆ ತಂದ. ಛತ್ರಿಯವನು ಛತ್ರಿ ಮಡಚಿ, ಹತ್ತಿ ಕೂತ. ಹೊಳೆ ದಾಟುವಾಗ ನಾನು ಇದುವರೆಗೆ ಕೇಳದಿದ್ದ ಹಾಡು ಶುರುವಾಯಿತು. ಅತ್ತೆ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಆಚೆ ದಡದಲ್ಲಿ ಒಂದು ಊರಿತ್ತು, ದೀಪಗಳಿದ್ದವು, ಅದರಾಚೆ ಕಾಡು, ಕಾಡಿನಾಚೆ ಬೆಟ್ಟ.

"ಇದೆಲ್ಲ ಇದರೊಳಗೇ ಇತ್ತಾ?" ಎಂದರು. ಕಾಫಿ ಆರಿತು. "ಇಷ್ಟು ವರ್ಷ ಆ ಪಾಪದವನನ್ನ ನಾನೇ ದಡದಲ್ಲಿ ಕೂರಿಸಿದ್ದೆ. ದೋಣಿ ಬಂದಿತ್ತು. ನಾನೇ ಬೇಡ ಅಂದು ಕಳಿಸಿಬಿಟ್ಟೆ."

ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ನನಗೆ ಯಾಕೋ ಅಲ್ಲಿ ಕೂರಲಾಗಲಿಲ್ಲ. ಲೋಟ ತೊಳೆಯಲು ಎದ್ದೆ.

ಆಗಸ್ಟ್ ೩೦, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಆಚೆ ದಡದ ಊರಿನಲ್ಲಿ ಒಬ್ಬಳು ಹೆಂಗಸು ಕಾಯುತ್ತಾಳೆ. ಅವಳು ಎರಡನೇ ಕಂಟ್ರೋಲರಿಗೆ ಮಾತ್ರ ನಡೆಯುತ್ತಾಳೆ ಎಂದು ನಿನ್ನೆ ಗೊತ್ತಾಯಿತು. ಅಂದರೆ ಈ ಆಟ ಅರ್ಧದಿಂದ ಇಬ್ಬರದು. ಇಬ್ಬರೂ ಒಂದೇ ಛತ್ರಿಯ ಕೆಳಗೆ ನಡೆಯಬೇಕು. ಒಬ್ಬರು ಬೇಗ ಹೋದರೆ ಇನ್ನೊಬ್ಬರು ನೆನೆಯುತ್ತಾರೆ, ನೆನೆದವರು ನಿಧಾನವಾಗುತ್ತಾರೆ. ಅತ್ತೆ ಛತ್ರಿಯವನು, ನಾನು ಆ ಹೆಂಗಸು.

ಇವತ್ತು ಹಗ್ಗದ ಸೇತುವೆಗೆ ಬಂದೆವು. ಹಲಗೆಗಳು ಒಂದೊಂದಾಗಿ ಬೀಳುತ್ತವೆ. ಹಲಗೆ ಬೀಳುವ ಮುಂಚೆ ಒಂದು ಸಣ್ಣ ಕಿರುಗುಟ್ಟುವ ಸದ್ದು ಬರುತ್ತದೆ, ಹಾಡಿನ ಒಂದು ಎಳೆಯನ್ನು ನುಂಗಿಕೊಂಡು. ಅತ್ತೆಯ ಕಿವಿಗೆ ಅದು ಸಿಗುವುದಿಲ್ಲ. ನನಗೆ ಸಿಗುತ್ತದೆ. ಆದರೆ ನನ್ನ ಎರಡೂ ಕೈ ಕಂಟ್ರೋಲರಿನ ಮೇಲಿದ್ದವು. ತಟ್ಟುವುದು ಹೇಗೆ? ಐದಾರು ಸಲ ಬಿದ್ದೆವು. ಕೊನೆಯ ಸಲ ಆಚೆ ತುದಿ ಎರಡೇ ಹಲಗೆ ದೂರ ಇತ್ತು, ಎಳೆ ಮಾಯವಾಯಿತು, ಅತ್ತೆ ಕಾಲೆತ್ತಿದರು.

"ನಿಲ್ಲಿ ಅತ್ತೆ," ಎಂದೆ.

ಅದೇ ದನಿ. ದಪ್ಪ, ಒಡಕು.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿಂತೆ. ಆಮೇಲೆ?"

"ಈಗ ಬನ್ನಿ."

ದಾಟಿದೆವು. ಕಂಟ್ರೋಲರ್ ಕೆಳಗಿಟ್ಟು ಕೂತೆವು. ಇನ್ನೂ ಎರಡು ವಾರ ಎಂದು ಬರೆದದ್ದು ಸುಳ್ಳು ಎಂದು ಹೇಳಬೇಕಿತ್ತು. ಬಾಯಿ ಬಿಡುವ ಮೊದಲೇ ಅವರು ಹೇಳಿದರು.

"ಆವತ್ತು ಬಾತ್‌ರೂಮಲ್ಲಿ ಕೇಳಿಸಿತ್ತು ಕಣೇ. ಕೇಳಿಸ್ತು ಅಂದಿದ್ರೆ ನೀನು ಅಲ್ಲೂ ಮಾತಾಡೋದು ಬಿಟ್ಟುಬಿಡ್ತಿದ್ದೆ. ಅದಕ್ಕೆ ಸುಮ್ಮನಿದ್ದೆ."

ಅತ್ತೆ ಸುಮ್ಮನಿದ್ದರು. ಹನ್ನೆರಡು ದಿನ. ನಮ್ಮ ಅತ್ತೆ.

"ಕೆಟ್ಟದಾಗಿದೆ ಅಲ್ವಾ?" ಎಂದು ಕೇಳಿದೆ.

"ದಪ್ಪ ಆಗಿದೆ. ಮೊದಲಿನದು ಚೆಂದ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನಿಲ್ಲಿ ಅಂದಾಗ ನಾನು ನಿಂತೆ ನೋಡು. ಮೊದಲು ನೀನು ನಿಲ್ಲಿ ಅಂದಾಗ ನಾನು ಯಾವತ್ತಾದ್ರೂ ನಿಂತಿದ್ನಾ?"

ಇಬ್ಬರೂ ನಕ್ಕೆವು. ನನ್ನ ನಗು ಕೂಡ ಬದಲಾಗಿದೆ, ಬಕೆಟ್ಟು ಎಳೆದ ಹಾಗಿದೆ.

ಸಂಜೆ ಸ್ಟೇಷನ್ ಮಾಸ್ಟರಿಗೆ ಮೆಸೇಜು ಹಾಕಿದೆ. ಪಾರ್ಸಲ್ ಬೇಡ ಎಂದು. ಸೋಮವಾರದಿಂದ ಅಭ್ಯಾಸ ಮಾಡಿಸುವವರ ಹತ್ತಿರ.

ಸೆಪ್ಟೆಂಬರ್ ೫, ಶುಕ್ರವಾರ

ಅಭ್ಯಾಸ ಮಾಡಿಸುವ ಹುಡುಗಿ ತುಟಿ ಅದುರಿಸಿ ಎಮ್ಮೆಯ ಹಾಗೆ ಸದ್ದು ಮಾಡಿಸುತ್ತಾಳೆ. ಮನೆಯಲ್ಲಿ ಅತ್ತೆಯೂ ಜೊತೆಗೆ ಮಾಡುತ್ತಾರೆ, ಕರೆಯದೆ. ಅವರದು ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ.

ಛತ್ರಿಯ ಜೋಡಿ ಕಾಡಿನಲ್ಲಿದೆ. ಇಲ್ಲಿ ಅಣಬೆಗಳು ನಾವು ನಡೆದ ತಾಳಕ್ಕೆ ಸರಿಯಾಗಿ ಅರಳುತ್ತವೆ. ಇದನ್ನು ಯೋಚಿಸಿದ ಮನುಷ್ಯ ಎಲ್ಲಿದ್ದಾನೋ. ಯಾರೂ ಕೊಳ್ಳಲಿಲ್ಲವೆಂದು ಬೇಜಾರು ಮಾಡಿಕೊಂಡಿರಬಹುದು. ಇಲ್ಲಿ ಇಬ್ಬರು ನೋಡಿದ್ದೇವೆ ಎಂದು ಅವನಿಗೆ ತಿಳಿಸಲು ದಾರಿಯಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಏರಬೇಕಾದ ಕಡೆ ಇನ್ನೂ ಏರುವುದಿಲ್ಲ. ಏರದೆ ಹೇಳುವುದನ್ನು ಕಲಿಯುತ್ತಿದ್ದೇನೆ. ಟ್ರಂಕಿನಲ್ಲಿ ಇನ್ನೂ ಅರ್ಧ ಕ್ಯಾಸೆಟ್‌ಗಳು ಬಾಕಿ. ಒಂದರಲ್ಲಿ ಒಬ್ಬ ಗಡಿಯಾರ ರಿಪೇರಿಯವನು ಇದ್ದಾನಂತೆ, ಅತ್ತೆ ಕಣ್ಣು ಮಿಟುಕಿಸುತ್ತಾರೆ, ಮುಂದೆ ಹೇಳುವುದಿಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ಮೈಕಿನ ಕೋಣೆ ಹಾಗೇ ಇದೆ. ನನ್ನ ಕುರ್ಚಿಯನ್ನು ಮಾತ್ರ ಯಾರೋ ಎತ್ತರಿಸಿದ್ದರು, ಇಳಿಸಿಕೊಂಡೆ. ಅತ್ತೆ ಹೇಳದೆ ಕೇಳದೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಬಂದು ಗಾಜಿನಾಚೆಯ ಬೆಂಚಿನ ಮೇಲೆ ಕೂತಿದ್ದರು. ಬೇರೆ ಯಾರದೋ ಅತ್ತೆ ಎಂಬಂತೆ ಮುಖ ಮಾಡಿಕೊಂಡಿದ್ದರು.

ಸ್ಟೇಷನ್ ಮಾಸ್ಟರ್ ಪಕ್ಕದಲ್ಲೇ ನಿಂತು ಮೈಕಿನ ಗುಂಡಿ ಒತ್ತಿದರು. "ಶುರು ಮಾಡೋಣ್ವಾ ಮೇಡಮ್?" ಎಂದರು.

ಅಭ್ಯಾಸಬಲ. ನಾನು ಟೇಬಲ್ಲಿನ ಮೇಲೆ ಒಂದು ತಟ್ಟಿದೆ.

ಮೈಕು ಆನ್ ಆಗಿತ್ತು. "ಟಕ್" ಎನ್ನುವ ಸದ್ದು ಎಲ್ಲ ಪ್ಲಾಟ್‌ಫಾರ್ಮ್‌ಗಳ ಮೇಲೂ ಹೋಯಿತು. ಪೆಟ್ಟಿಗೆ ಹೊತ್ತವರು, ನೀರು ಹಿಡಿಯುತ್ತಿದ್ದವರು, ಎಲ್ಲರೂ ತಲೆಯೆತ್ತಿದರು. ಬೆಂಚಿನ ಮೇಲೆ ಒಬ್ಬರು ಮಾತ್ರ ತಲೆ ತಗ್ಗಿಸಿ ನಗುತ್ತಿದ್ದರು. ಜನ ತಲೆಯೆತ್ತಿಯೇ ಇದ್ದರು, ಹಾಗಾಗಿ "ಪ್ರಯಾಣಿಕರ ಗಮನಕ್ಕೆ" ಎಂದೆ. ಗಾಡಿ ನಲವತ್ತು ನಿಮಿಷ ತಡ ಎಂದೆ. ಯಾರೋ ಬೈದರು. ಸಂತೋಷವಾಯಿತು.

ಮನೆಯಲ್ಲಿ ಅತ್ತೆ ತೀರ್ಪು ಕೊಟ್ಟರು. "ಗಮನಕ್ಕೆ ಅನ್ನೋದು ಚೆನ್ನಾಗಿ ಬಂತು. ತಡವಾಗಿ ಅನ್ನೋವಾಗ ಸ್ವಲ್ಪ ಅವಸರ ಮಾಡಿದೆ." ನಾನು ಮೂರು ತಟ್ಟಿದೆ.

ಬೆಟ್ಟದ ಬುಡದಲ್ಲಿ ನಿಂತಿದ್ದೇವೆ, ಇವತ್ತು ಹತ್ತಬೇಕು. ಕಂಟ್ರೋಲರ್ ಕೈಗೆ ಕೊಡುತ್ತಾ ಅತ್ತೆ ಕೇಳಿದರು, "ಮೊದಲಿನ ದನಿ ಬೇಕು ಅಂತ ಇನ್ನೂ ಅನ್ಸುತ್ತಾ ನಿಂಗೆ?"

ಒಂದು ತಟ್ಟಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತಟ್ಟಿದೆ.

ಅತ್ತೆ ಮೂರನೆಯದು ಬರುತ್ತದೆಯೇ ಎಂದು ಕಾದರು. ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಟೀವಿ ಹಾಕಿದರು.